ಶೈತ್ಯವೂ ಭಂಗುರತ್ವವೂ: ಒಂದು ವ್ಯಾಪ್ತಿವಿಚಾರ

‘ಎಲ್ಲಿ ಅತಿಶೈತ್ಯವೋ ಅಲ್ಲಿ ಲೋಹಕ್ಕೆ ಭಂಗುರತ್ವ’ ಎಂಬ ಮಾತು ವಿಜ್ಞಾನವನ್ನು ಕನ್ನಡದಲ್ಲಿ ಹೇಳುವವರ ಬಾಯಲ್ಲಿ ಸಿದ್ಧಾಂತದಂತೆ ನೆಲೆಗೊಂಡಿದೆ. ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಜಕ್ಕೂರಿನಲ್ಲಿದ್ದು ಪದಾರ್ಥಗಳ ಅಂತರ್ರಚನೆಯನ್ನು ಶೋಧಿಸುತ್ತಿರುವಾಗ, ಈ ನಾಡಿನಲ್ಲಿಯೇ ಇಂತಹ ಮಾತು ಪರೀಕ್ಷೆಯಿಲ್ಲದೆ ಸಾಗುವುದು ಉಚಿತವಲ್ಲ.

ಮಾತು ಕೇವಲ ನಿರಾಧಾರವೇನೂ ಅಲ್ಲ. ೧೯೪೩ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಕಟ್ಟೆಯ ಬಳಿ ನಿಂತಿದ್ದ ಸ್ಕೆನೆಕ್ಟಡಿ ಎಂಬ ಉಕ್ಕಿನ ಹಡಗು ಚಳಿಯ ರಾತ್ರಿಯಲ್ಲಿ ಇಬ್ಭಾಗವಾಯಿತು. ಸಾಮಾನ್ಯ ಉಕ್ಕಿನಲ್ಲಿ ಪರಮಾಣುಗಳ ಪಂಕ್ತಿಗಳು ಒಂದರ ಮೇಲೊಂದು ಜಾರುವುದಕ್ಕೆ ಉಷ್ಣದ ನೆರವು ಬೇಕು. ಉಷ್ಣವು ಕುಗ್ಗಿದರೆ ಜಾರುವುದಕ್ಕೆ ಮುನ್ನವೇ ಬಿರುಕು ಹಬ್ಬುತ್ತದೆ.

ಆದರೆ ತಾಮ್ರ, ಅಲ್ಯುಮಿನಿಯಂ ಮೊದಲಾದವುಗಳಲ್ಲಿ ಈ ನಿಯಮವು ವ್ಯಭಿಚರಿಸುತ್ತದೆ. ಅವುಗಳ ಪಂಕ್ತಿಗಳು ಘೋರಶೈತ್ಯದಲ್ಲಿಯೂ ಜಾರುತ್ತವೆ. ಆದುದರಿಂದಲೇ ಸೊನ್ನೆಗಿಂತ ೨೫೩ ಡಿಗ್ರಿ ಕೆಳಗಿನ ದ್ರವಜಲಜನಕವನ್ನು ರಾಕೆಟ್ಟುಗಳಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ ಪಾತ್ರೆಗಳು ಧರಿಸಬಲ್ಲವು. ಕ್ರೋಮಿಯಂ, ಕೋಬಾಲ್ಟ್, ನಿಕ್ಕಲ್‌ಗಳನ್ನು ಸಮಭಾಗದಲ್ಲಿ ಬೆರೆಸಿದ ಮಿಶ್ರಲೋಹವಂತೂ ಅದೇ ಶೈತ್ಯದಲ್ಲಿ ಬಿರುಕನ್ನು ಇನ್ನೂ ಹೆಚ್ಚಾಗಿ ತಡೆಯುವುದೆಂದು ೨೦೨೨ರಲ್ಲಿ ಪ್ರಕಟವಾಯಿತು. ಅಲ್ಲಿ ಮೊದಲು ಜಾರಿಕೆ, ಅನಂತರ ಸ್ತರದೋಷ, ಬಳಿಕ ಅವಳಿಹರಳು, ಕಡೆಗೆ ವಿನ್ಯಾಸಾಂತರ ಎಂದು ಒಂದು ಸೋತಲ್ಲಿ ಮತ್ತೊಂದು ಭಾರವನ್ನು ಹೊರುತ್ತದೆ. ಬಹುಲೋಹ ಮಿಶ್ರಣದ ಈ ಮಾರ್ಗವನ್ನು ಎಸ್. ರಂಗನಾಥನ್ ಅವರು ೨೦೦೩ರಲ್ಲಿಯೇ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಿದ್ವಾಂಸರ ಗಮನಕ್ಕೆ ತಂದಿದ್ದರು.

ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ಅನುಮಾನವನ್ನು ತಾರ್ಕಿಕರು ಕಾದ ಕಬ್ಬಿಣದ ಗುಂಡನ್ನು ತೋರಿಸಿ ಮುರಿದರು. ಹಸಿಸೌದೆಯ ಸಂಯೋಗವೇ ಅಲ್ಲಿ ಉಪಾಧಿಯೆಂದರು. ಪ್ರಕೃತದಲ್ಲಿಯೂ ಅಷ್ಟೆ. ಜಾರಿಕೆಗೆ ಎಡೆಗೊಡದ ಪರಮಾಣುವಿನ್ಯಾಸವೇ ಉಪಾಧಿ, ಶೈತ್ಯಮಾತ್ರವು ಹೇತುವಲ್ಲ. ಅಂದು ಕಾದ ಕಬ್ಬಿಣವು ಮಾಡಿದ ಕೆಲಸವನ್ನೇ ಇಂದು ತಣಿದ ಲೋಹವು ಮಾಡುತ್ತಿದೆ.

ಬಾಲಬೋಧೆಗೆ ಇಷ್ಟು ಸೂಕ್ಷ್ಮವೇಕೆಂದರೆ, ಉತ್ತರವು ಸುಲಭ. ‘ಲೋಹವು’ ಎಂಬಲ್ಲಿ ‘ಕೆಲವು ಲೋಹಗಳು’ ಎಂದರೆ ಸಾಕು. ವಾಕ್ಯವು ಕಠಿನವಾಗದು, ಸತ್ಯವಾಗುವುದು. ತಪ್ಪಾದ ವ್ಯಾಪ್ತಿಯನ್ನು ಕಲಿತ ವಿದ್ಯಾರ್ಥಿಯು ನಾಳೆ ಶಿಲ್ಪಿಯಾದಾಗ ಯೋಗ್ಯವಾದ ಲೋಹವನ್ನು ತ್ಯಜಿಸಿಯಾನು. ಪಾರಿಭಾಷಿಕ ಪದಗಳನ್ನು ಕಟ್ಟುವುದರಷ್ಟೇ, ಅವುಗಳಿಂದ ಕಟ್ಟಿದ ವಾಕ್ಯದ ವ್ಯಾಪ್ತಿಯನ್ನು ಕಾಯುವುದೂ ಭಾಷಾಪಂಡಿತರ ಕರ್ತವ್ಯವೇ ಸರಿ.