ಹಳೇಬೀಡಿನ ಕತೆಯ ಸಾಲು, ಜನ್ನನ ಕತೆಯ ಕಟ್ಟು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯನ್ನು ಬುಡದಿಂದ ನೋಡುತ್ತಾ ಹೋದರೆ ಪಟ್ಟಿಕೆಗಳು ಒಂದರ ಮೇಲೊಂದು ಕಾಣುತ್ತವೆ. ಆನೆ, ಸಿಂಹ, ಬಳ್ಳಿ, ಕುದುರೆ ಸವಾರ, ಮತ್ತೆ ಬಳ್ಳಿ, ಆಮೇಲೆ ರಾಮಾಯಣ ಭಾರತಗಳ ಕತೆ, ಅದರ ಮೇಲೆ ಮಕರ, ಹಂಸ. ಎಂಟು ಸಾಲುಗಳಲ್ಲಿ ಕತೆಗೆ ಸಿಕ್ಕಿದ್ದು ಒಂದೇ. ಈ ಊರು ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿದ್ದಾಗ ಇದರ ಆಸರೆಯಲ್ಲಿ ಬೆಳೆದ ಚಂಪೂಕಾವ್ಯದಲ್ಲೂ ಕತೆಯ ಪಾಲು ಹೆಚ್ಚುಕಡಿಮೆ ಇಷ್ಟೇ.

ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆ ಇರಲೇಬೇಕೆಂಬ ಕಟ್ಟುಪಾಡು ಆಗಿನದು. ಕಡಲು, ಬೆಟ್ಟ, ನಗರ, ಚಂದ್ರೋದಯ, ಜಲಕ್ರೀಡೆ, ವಿರಹ, ಯುದ್ಧ, ಹೀಗೆ. ವೀರಬಲ್ಲಾಳನ ಕಾಲದ ನೇಮಿಚಂದ್ರನ ‘ಲೀಲಾವತಿ’ಯಲ್ಲಿ ರಾಜಕುಮಾರ, ರಾಜಕುಮಾರಿ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಮೋಹಿಸುತ್ತಾರೆ, ಹುಡುಕುತ್ತಾರೆ, ಸೇರುತ್ತಾರೆ. ಕತೆ ಅಷ್ಟೇ, ಉಳಿದದ್ದೆಲ್ಲ ಬಣ್ಣನೆ. ಹದಿಮೂರನೆಯ ಶತಮಾನದ ನಡುವಿನಲ್ಲಿ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದಾಗ ಹಿಂದಿನ ಕವಿಗಳ ಪದ್ಯಗಳನ್ನು ವರ್ಣನೆಗಳ ಪ್ರಕಾರವೇ ಜೋಡಿಸಿದ. ಪದ್ಯವನ್ನು ಕತೆಯಿಂದ ಕಿತ್ತು ಬೇರೆಡೆ ಇಟ್ಟರೂ ಬಾಡುವುದಿಲ್ಲ ಎಂಬ ನಂಬಿಕೆ ಆ ಪಂಥದ ಹೆಮ್ಮೆ. ದೌರ್ಬಲ್ಯವೂ ಅದೇ.

ಮಲ್ಲಿಕಾರ್ಜುನನ ಮಗ ‘ಶಬ್ದಮಣಿದರ್ಪಣ’ದ ಕೇಶಿರಾಜ, ಕೇಶಿರಾಜನ ಸೋದರಮಾವ ಜನ್ನ. ಸಂಕಲನ, ವ್ಯಾಕರಣ, ಕಾವ್ಯ ಮೂರೂ ಒಂದೇ ಬಂಧುಬಳಗದ ಕಸುಬು. ಆ ಮನೆಯವನೇ ಆದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದು ಹದಿನೆಂಟರ ಹೊರೆಯನ್ನು ಇಳಿಸಿಟ್ಟ. ನಾಲ್ಕೇ ಅವತಾರ, ಬಹುಪಾಲು ಕಂದಪದ್ಯ, ಮುನ್ನೂರು ಚಿಲ್ಲರೆ ಪದ್ಯಗಳು.

ಕಥಾವಸ್ತು, ಪಾತ್ರ, ಸಂಘರ್ಷ, ನಿರೂಪಕ, ದೃಷ್ಟಿಕೋನ ಎಂಬ ಮಾತುಗಳನ್ನು ನಮ್ಮ ತರಗತಿಗಳಲ್ಲಿ ಪಶ್ಚಿಮದಿಂದ ಬಂದ ಸರಕಿನಂತೆ ಕಲಿಸುತ್ತಾರೆ. ಜನ್ನನನ್ನು ತೆರೆದರೆ ಅವೆಲ್ಲ ಕಣ್ಣೆದುರೇ ಇವೆ. ಮಾರಿಗುಡಿಗೆ ಬಲಿಯಾಗಿ ತಂದ ಹುಡುಗ ಅಭಯರುಚಿ, ಕತ್ತಿ ಹಿಡಿದ ರಾಜ ಮಾರಿದತ್ತನಿಗೆ ತನ್ನದೇ ಹಿಂದಿನ ಜನ್ಮಗಳ ಕತೆ ಹೇಳುತ್ತಾನೆ. ಕತೆ ನಿಂತರೆ ಕತ್ತಿ ಬೀಳಬಹುದು. ನಿರೂಪಕನ ಪ್ರಾಣವೇ ಪಣಕ್ಕಿದೆ. ಒಳಗಿನ ಕತೆಯಲ್ಲಿ ರಾಣಿ ಅಮೃತಮತಿ ರಾತ್ರಿ ಮಾವಟಿಗನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಅವನು ಕುರೂಪಿ, ತಡವಾಗಿ ಬಂದಳೆಂದು ಹೊಡೆಯುವವನು. ಬೆನ್ನಟ್ಟಿ ಬಂದು ಕಂಡ ಗಂಡ ಯಶೋಧರ ಕತ್ತಿ ಎತ್ತಿ, ತಡೆದುಕೊಳ್ಳುತ್ತಾನೆ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸೆಂದು ಸುಳ್ಳಾಡುತ್ತಾನೆ. ಆ ಸುಳ್ಳಿಗೆ ಪರಿಹಾರವಾಗಿ ಹಿಟ್ಟಿನ ಕೋಳಿಯ ಬಲಿ. ಕಡಿದ ಕೋಳಿ ಕೂಗುತ್ತದೆ. ಒಂದು ಘಟನೆ ಇನ್ನೊಂದನ್ನು ಹೆರುವ ಇಂಥ ಬಿಗಿ ಆ ಕಾಲದ ಚಂಪುವಿನಲ್ಲಿ ಅಪರೂಪ.

ಕೊರತೆಯೂ ಇದೆ. ರಾಣಿ ವಿಷವಿಟ್ಟು ಗಂಡನನ್ನೂ ಅತ್ತೆಯನ್ನೂ ಕೊಂದ ಮೇಲೆ ಜನ್ಮಾಂತರಗಳು ಪಟ್ಟಿಯಂತೆ ಓಡುತ್ತವೆ; ಧರ್ಮದ ಪಾಠ ಕತೆಯ ಕೈಯಿಂದ ಲಗಾಮು ಕಿತ್ತುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಕೊರತೆ ದೃಷ್ಟಿಕೋನದ್ದು. ಕತೆ ಹೇಳುವ ಅಭಯರುಚಿ ಹಿಂದಿನ ಜನ್ಮದ ಯಶೋಧರನೇ ಆದ್ದರಿಂದ ಅಮೃತಮತಿ ಕೊನೆಗೂ ಆರೋಪಿಯಾಗಿಯೇ ಉಳಿಯುತ್ತಾಳೆ. ಗಿರೀಶ ಕಾರ್ನಾಡರು ಇದೇ ಕತೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದಾಗ ರಾಣಿ ತನ್ನ ಮಾತನ್ನು ತಾನೇ ಆಡಿದಳು. ಅದಕ್ಕೆ ಕನ್ನಡ ಏಳು ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು.

ಕವಿ ಹರಿಹರ ಹಳೇಬೀಡಿನಲ್ಲಿ ಕರಣಿಕನಾಗಿದ್ದು, ಅರಮನೆಯ ಲೆಕ್ಕ ಬಿಟ್ಟು ಹಂಪೆಗೆ ಹೋದನೆಂಬ ಪ್ರತೀತಿ ಇದೆ. ಅವನ ರಗಳೆಯ ಓಟ, ರಾಘವಾಂಕನ ಷಟ್ಪದಿಯ ಮಾತುಗಾರಿಕೆ ಕತೆಗೆ ಇನ್ನೊಂದು ದಾರಿ ತೆರೆದವು. ಆದರೆ ಚಂಪುವಿನ ಅಂಗಳದಲ್ಲೇ ನಿಂತು ಅದರ ಭಾರ ಕಳೆದವನು ಜನ್ನ. ಅರಸೀಕೆರೆಯ ಶಿವಾಲಯ ನೋಡಿದವರಿಗೆ ಈ ಮಾತು ಬೇಗ ಹತ್ತುತ್ತದೆ. 1220ರ ಆ ಗುಡಿ ಬೇಲೂರು, ಹಳೇಬೀಡುಗಳ ಎದುರು ಚಿಕ್ಕದು. ನಕ್ಷತ್ರಾಕಾರದ ಅದರ ತೆರೆದ ಮಂಟಪದ ಕಟ್ಟು ಒಂದೇ ನೋಟಕ್ಕೆ ಸಿಗುತ್ತದೆ.

ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರ್. ಈ ಸೀಮೆಯ ಕನ್ನಡ ಮೇಷ್ಟ್ರುಗಳು ಕಥಾವಸ್ತುವಿನ ಪಾಠ ಬಂದ ದಿನ ಮಕ್ಕಳನ್ನು ಆ ಗೋಡೆಯ ಮುಂದೆ ನಿಲ್ಲಿಸಲಿ, ಕತೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಲಿ, ಅಲ್ಲೇ ಕೂತು ಜನ್ನನನ್ನು ಓದಿಸಲಿ.