ಹಗಲಿನ ಶೀಶೆಗೆ ಸಿಗದ ನೀರು

ಯಡ್ರಾಮಿ, ಜೇವರ್ಗಿ ಸೀಮೆಯ ನೀರಿನ ಹಣೆಬರಹ ತೀರ್ಮಾನವಾಗುವುದು ಎರಡು ದೊಡ್ಡ ಜಲಾಶಯಗಳಲ್ಲಿ. ಎರಡೂ ಕಲಬುರಗಿ ಜಿಲ್ಲೆಯ ಗಡಿಯಾಚೆ ಇವೆ. ದಕ್ಷಿಣಕ್ಕೆ ಕೃಷ್ಣೆಗೆ ಅಡ್ಡಲಾಗಿ ನಿಂತ ನಾರಾಯಣಪುರದ ಬಸವಸಾಗರ. ಅದರ ಎಡದಂಡೆಯಿಂದ ಕವಲೊಡೆದ ಜೇವರ್ಗಿ ಶಾಖಾ ಕಾಲುವೆ ತೊಗರಿ, ಹತ್ತಿಯ ಎರೆ ಹೊಲಗಳಿಗೆ ನೀರು ತರುತ್ತದೆ. ಉತ್ತರಕ್ಕೆ ಭೀಮೆ. ಆ ಹೊಳೆಯ ಕೀಲಿ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿದೆ. 117 ಟಿಎಂಸಿ ಹಿಡಿಯುವ ಆ ಜಲಾಶಯಕ್ಕೆ ಮುಳಾ-ಮುಠಾ, ಇಂದ್ರಾಯಣಿಗಳ ಮೂಲಕ ಪುಣೆ, ಪಿಂಪ್ರಿ-ಚಿಂಚವಾಡದ ಕೊಳಚೆ ಬಂದು ಸೇರುತ್ತದೆ. ಅಲ್ಲಿಂದ ಬಿಟ್ಟ ನೀರು ಪಂಢರಪುರ ದಾಟಿ ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ನಿಂತು, ಗಾಣಗಾಪುರದಲ್ಲಿ ಆಳಂದ ಕಡೆಯಿಂದ ಬರುವ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿ ಮಗ್ಗುಲಲ್ಲಿ ಹಾದುಹೋಗುತ್ತದೆ. ಕಲಬುರಗಿ ನಗರ ಸರಡಗಿಯ ಹತ್ತಿರ ಇದೇ ನೀರನ್ನು ಎತ್ತಿ ಕುಡಿಯುತ್ತದೆ.

ಕರ್ನಾಟಕಕ್ಕೆ ಸಮುದ್ರದಂಥ ಸಹಜ ಸರೋವರಗಳಿಲ್ಲ. ನಮ್ಮ ಪಾಲಿನ ಮಹಾ ಸರೋವರಗಳೆಂದರೆ ಈ ಜಲಾಶಯಗಳೇ. ಇವುಗಳ ನೀರು ಎಷ್ಟಿದೆ ಎಂಬುದಕ್ಕೆ ಧರಣಿ, ನ್ಯಾಯಾಧಿಕರಣ, ವಿಧಾನಸಭೆಯ ಚರ್ಚೆ ಎಲ್ಲವೂ ಉಂಟು. ನೀರು ಹೇಗಿದೆ ಎಂದು ನೋಡುವುದಕ್ಕೂ ಒಂದು ಪದ್ಧತಿ ಇದೆ. ಈ ಬರಹ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಪದ್ಧತಿಯನ್ನು.

1974ರ ಜಲ ಕಾಯ್ದೆಯ ಬೆನ್ನಿಗೆ, ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲವೇ ಕೇಂದ್ರಗಳೊಡನೆ ಶುರುವಾದ ರಾಷ್ಟ್ರೀಯ ಜಲಗುಣಮಟ್ಟ ನಿಗಾ ಕಾರ್ಯಕ್ರಮಕ್ಕೆ ಇಂದು ನಾಲ್ಕು ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ರಾಜ್ಯದಲ್ಲಿ ಈ ಕೆಲಸ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಮಾದರಿ ತಂದು, ಪರೀಕ್ಷಿಸಿ, ನೀರಿಗೆ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತಾರೆ. ಕ್ರಿಮಿನಾಶ ಮಾಡಿದರೆ ಸಾಕು, ಕುಡಿಯಬಹುದು ಎಂಬುದು ಎ, ಸ್ನಾನಕ್ಕೆ ಬಿ, ಪೂರ್ತಿ ಶುದ್ಧೀಕರಣದ ನಂತರ ಕುಡಿಯಲು ಸಿ, ಮೀನು, ವನ್ಯಜೀವಿಗಳಿಗೆ ಡಿ, ನೀರಾವರಿಗೆ ಇ. ಈ ಯೋಜನೆಯ ದೊಡ್ಡ ಗುಣ ಅದರ ಸರಳತೆ. ನೀರು ಯಾವ ಕೆಲಸಕ್ಕೆ ಬೇಕೋ ಆ ಕೆಲಸಕ್ಕೆ ತಕ್ಕಂತೆ ಅಳೆ ಎನ್ನುವ ವಿಚಾರ ರೈತನಿಗೂ ತಿಳಿಯುತ್ತದೆ, ನ್ಯಾಯಾಲಯಕ್ಕೂ ತಿಳಿಯುತ್ತದೆ. ದಶಕಗಳ ಕಾಲ ಬಿಡದೆ ಒಂದೇ ಬಗೆಯಲ್ಲಿ ಅಳೆಯುತ್ತ ಬಂದಿರುವುದು ಸಣ್ಣ ಸಾಧನೆಯಲ್ಲ. ನೀರಾವರಿಗೆ ವಿದ್ಯುತ್ ವಾಹಕತೆ, ಎಂದರೆ ನೀರಿನ ಉಪ್ಪಿನ ಸೂಚಕ, ಸೆಂಟಿಮೀಟರಿಗೆ 2250 ಮೈಕ್ರೋಮೋ ಒಳಗಿರಬೇಕೆಂಬ ನಿಯಮವನ್ನೇ ನೋಡಿ. ಕಾಲುವೆ ಬಂದ ಮೇಲೆ ಎಷ್ಟೋ ಎರೆ ಭೂಮಿ ಸವುಳಾದ ನಮ್ಮ ಸೀಮೆಯಲ್ಲಿ ಆ ಒಂದು ಸಂಖ್ಯೆ ಬಹಳ ಬೆಲೆಯುಳ್ಳದ್ದು.

ನನ್ನ ತಕರಾರು ಇರುವುದು ಬೇರೆ ಕಡೆ. ಈ ಪದ್ಧತಿ ನೀರನ್ನು ಕೊಳಚೆಯ ಕಣ್ಣಿನಿಂದ ಮಾತ್ರ ನೋಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದೀಪಾತ್ರಗಳನ್ನು ಪಟ್ಟಿ ಮಾಡಿತು. ಕರ್ನಾಟಕದವು 17, ಅದರಲ್ಲಿ ಭೀಮೆಯೂ ಒಂದು. ಆ ಪಟ್ಟಿಯ ಆದ್ಯತೆಗಳೆಲ್ಲ ನಿಂತಿರುವುದು ಒಂದೇ ಅಳತೆಯ ಮೇಲೆ: ಜೈವಿಕ ಆಮ್ಲಜನಕ ಬೇಡಿಕೆ, ಎಂದರೆ ಬಿಓಡಿ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಮಲಿನ, 30 ಮೀರಿದರೆ ಮೊದಲ ಆದ್ಯತೆ. ಹರಿಯುವ ಹೊಳೆಗೆ ಊರಿನ ಚರಂಡಿ ಬಿದ್ದರೆ ಬಿಓಡಿ ಅದನ್ನು ಹಿಡಿಯುತ್ತದೆ. ನಿಂತ ನೀರಿನ ಕಾಯಿಲೆ ಬೇರೆ. ಗೊಬ್ಬರದ ಸಾರಜನಕ, ಕೊಳಚೆಯ ಮತ್ತು ಸಾಬೂನು ಪುಡಿಯ ರಂಜಕ ಜಲಾಶಯ ಸೇರಿ, ಬಿಸಿಲಿಗೆ ಪಾಚಿಯಾಗಿ ಹಸಿರೇಳುತ್ತವೆ. ಇಲ್ಲಿಯವರ ಬಾಯಲ್ಲಿ ಹೇಳುವುದಾದರೆ ನೀರಿಗೆ ಹಾವಸಿ ಕಟ್ಟುತ್ತದೆ. ನೈಟ್ರೇಟನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ, ನಿಜ. ಆದರೆ ಎ, ಬಿ, ಸಿ ಎಂದು ದರ್ಜೆ ಕೊಡುವ ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ. ರಂಜಕಕ್ಕೂ ಇಲ್ಲ, ಪಾಚಿಯ ಹರಿತ್ತಿಗೂ ಇಲ್ಲ, ನೀರಿನ ತಿಳಿತನಕ್ಕೂ ಇಲ್ಲ.

ಎರಡನೆಯ ತಕರಾರು ಬಿಸಿಲಿನದು. ಬಿಓಡಿಯ ಹಳೆಯ ಕ್ರಮ ಇಂಗ್ಲೆಂಡಿನದು: ನೀರಿನ ಶೀಶೆಯನ್ನು ಐದು ದಿನ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಕರಗಿದ ಆಮ್ಲಜನಕ ಎಷ್ಟು ಕಳೆಯಿತೆಂದು ನೋಡುವುದು. ನಮ್ಮ ವಿಜ್ಞಾನಿಗಳು ಅದನ್ನು ನಮ್ಮ ಹವೆಗೆ ಒಗ್ಗಿಸಿ ಮೂರು ದಿನ, 27 ಡಿಗ್ರಿ ಎಂದು ಮಾಡಿದರು. ವಿವೇಕದ ಕೆಲಸ. ಆದರೂ ದರ್ಜೆ ಕೊಡುವ ಕೋಷ್ಟಕದಲ್ಲಿ ಇವತ್ತಿಗೂ ಐದು ದಿನ, 20 ಡಿಗ್ರಿ ಎಂದೇ ಅಚ್ಚಾಗಿದೆ. ಈ ಅರ್ಧಂಬರ್ಧ ಒಗ್ಗುವಿಕೆ ಇಡೀ ಪದ್ಧತಿಯ ಗುರುತು ಎಂದೇ ನಾನು ತಿಳಿದಿದ್ದೇನೆ.

ಅದು ಎಲ್ಲಿ ಒಗ್ಗಿಲ್ಲ ಎಂದು ತಿಳಿಯಲು ಆಮ್ಲಜನಕದ ಶೀಶೆಯನ್ನು ಹತ್ತಿರದಿಂದ ನೋಡಬೇಕು. ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನ ಇನ್ನೂ ಬಳಕೆಯಲ್ಲಿದೆ. ಮುನ್ನೂರು ಮಿಲಿಲೀಟರಿನ ಗಾಜಿನ ಶೀಶೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆ ಕ್ಷಾರೀಯ ಅಯೋಡೈಡ್ ಬಿಟ್ಟು ಬಿರಡೆ ಹಾಕಿ ಮಗುಚಿದರೆ ಒಳಗೆ ಮೋಡ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ, ಇಲ್ಲದಿದ್ದರೆ ಬಿಳಿ. ಆಮ್ಲ ಹಾಕಿ ಗಸಿ ಕರಗಿಸಿ, ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ, ಗಂಜಿ ಬೆರೆತು ನೀಲಿಯಾದ ದ್ರಾವಣ ಬಣ್ಣ ಕಳೆದುಕೊಂಡ ಗಳಿಗೆಯಲ್ಲಿ ನಿಲ್ಲಿಸಿದರೆ ಲೆಕ್ಕ ಸಿಕ್ಕಿತು. ನಂಬಬಹುದಾದ, ಅಗ್ಗದ, ಸುಂದರವಾದ ವಿಧಾನ ಇದು.

ಶೀಶೆ ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಯಾವ ಹೊತ್ತಿನಲ್ಲಿ ತುಂಬಿದರು? 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯ ನೀರಿಗೆ ಸಾಧ್ಯವಾಗುವುದು 7.6 ಮಾತ್ರ. ನಮ್ಮ ನೀರಿನ ಉಳಿತಾಯವೇ ಕಡಿಮೆ. ಅದರ ಮೇಲೆ ಪಾಚಿ ಕಟ್ಟಿದ ಜಲಾಶಯದಲ್ಲಿ ಹಗಲೊಂದು ಲೆಕ್ಕ, ರಾತ್ರಿಯೊಂದು ಲೆಕ್ಕ. ಬಿಸಿಲಿರುವವರೆಗೆ ಪಾಚಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಶೀಶೆ ತುಂಬಿದರೆ ಎ ದರ್ಜೆಗೆ ಬೇಕಾದ 6 ಮಿಲಿಗ್ರಾಂ ಸಲೀಸಾಗಿ ದಾಟುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕವನ್ನು ಉಸಿರಾಡಿ ಖಾಲಿ ಮಾಡುತ್ತದೆ. ಬೆಳಗಿನ ಜಾವಕ್ಕೆ ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬರುವುದು ಅದಕ್ಕೇ. ಬಲೆ ಹಾಕುವವರಿಗೆ ಇದು ಗೊತ್ತಿರುವ ಸಂಗತಿ. ಕಚೇರಿ ವೇಳೆಯಲ್ಲಿ, ಸೇತುವೆಯ ಬಳಿ, ಮೇಲಿನ ಒಂದಡಿ ನೀರು ತೆಗೆದು ಹೋಗುವ ಪದ್ಧತಿಗೆ ಜಲಾಶಯ ತನ್ನ ಆರೋಗ್ಯದ ಮುಖವನ್ನಷ್ಟೇ ತೋರಿಸುತ್ತದೆ. ಪಾಚಿ ಹೆಚ್ಚಿದಷ್ಟೂ ಹಗಲಿನ ಅಂಕಿ ಚೆಂದ ಕಾಣುವುದು ಇದರ ಅತಿ ದೊಡ್ಡ ದೋಷ.

ಆಳದ ವಿಚಾರವೂ ಹೀಗೇ. ನೀರು 10ರಿಂದ 11 ಡಿಗ್ರಿಗೆ ಏರಿದಾಗ ಆಗುವ ಸಾಂದ್ರತೆಯ ವ್ಯತ್ಯಾಸಕ್ಕಿಂತ 29ರಿಂದ 30ಕ್ಕೆ ಏರಿದಾಗಿನ ವ್ಯತ್ಯಾಸ ಸುಮಾರು ಮೂರು ಪಟ್ಟು. ಆದ್ದರಿಂದ ಉಷ್ಣವಲಯದ ಸರೋವರದಲ್ಲಿ ಒಂದೆರಡು ಡಿಗ್ರಿಯ ಅಂತರ ಸಾಕು, ಮೇಲಿನ ಬಿಸಿನೀರು ಕೆಳಗಿನದರ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಕೆಳಗೆ ಆಮ್ಲಜನಕ ಮುಗಿಯುತ್ತದೆ. ಮುಗಿದ ಮೇಲೆ ತಳದ ಕೆಸರಿನಲ್ಲಿ ಕಬ್ಬಿಣದೊಡನೆ ಕೂಡಿ ಕೂತಿದ್ದ ರಂಜಕ ಬಿಡುಗಡೆಯಾಗಿ ಮತ್ತೆ ಪಾಚಿಗೆ ಊಟವಾಗುತ್ತದೆ. ಮೇಲಿನಿಂದ ಬರುವ ಕೊಳಚೆಯನ್ನು ಇಂದೇ ನಿಲ್ಲಿಸಿದರೂ ತಳದ ಈ ಸಾಲ ವರ್ಷಗಟ್ಟಲೆ ತೀರುವುದಿಲ್ಲ. ಮೇಲ್ಪದರದ ಮಾದರಿ ಇದರ ಸುಳಿವನ್ನೂ ಕೊಡದು.

ಹಳೆಯ ಅಳತೆ ಕೈಯಲ್ಲಿದ್ದರೆ ಏನು ಲಾಭ ಎಂಬುದಕ್ಕೆ ಆಫ್ರಿಕದ ವಿಕ್ಟೋರಿಯಾ ಸರೋವರ ಸಾಕ್ಷಿ. ಅಲ್ಲಿ 1960-61ರಲ್ಲಿ ಟಾಲಿಂಗ್ ಎಂಬ ವಿಜ್ಞಾನಿ ಆಳಾಳದಲ್ಲಿ ಆಮ್ಲಜನಕ, ಪೋಷಕಾಂಶ, ತಿಳಿತನಗಳನ್ನು ಅಳೆದಿಟ್ಟಿದ್ದರು. ಮೂರು ದಶಕಗಳ ನಂತರ ಹೆಕಿ ಮತ್ತು ಸಂಗಡಿಗರು ಮತ್ತೆ ಅಳೆದಾಗ ತಳ ಉಸಿರುಗಟ್ಟಿದ್ದೂ ಪಾಚಿ ಹೆಚ್ಚಿದ್ದೂ ಎದ್ದು ಕಂಡವು. ಬಿಓಡಿಯ ಪಟ್ಟಿಯೊಂದೇ ಇದ್ದಿದ್ದರೆ ಆ ಕಥೆ ಬರೆಯಲಾಗುತ್ತಿರಲಿಲ್ಲ. ಅಳೆಯದೆ ಬಿಟ್ಟರೆ ಏನಾದೀತು ಎಂಬುದಕ್ಕೆ ಬ್ರೆಜಿಲಿನ ಕರುವಾರು ಇದೆ. 1996ರಲ್ಲಿ ಅಲ್ಲಿ ಜಲಾಶಯದ ನೀಲಿ-ಹಸಿರು ಪಾಚಿಯ ವಿಷ ಡಯಾಲಿಸಿಸ್ ನೀರಿನೊಳಗೆ ಸೇರಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಈ ವಿಷ ಕುದಿಸಿದರೂ ಹೋಗುವುದಿಲ್ಲ. ನಮ್ಮಲ್ಲಿ ಹಸಿರು ನೀರನ್ನು ದನಗಳು ಕುಡಿಯುತ್ತವೆ, ಮಕ್ಕಳು ಅದರಲ್ಲಿ ಈಜುತ್ತಾರೆ. ದರ್ಜೆಯ ಕೋಷ್ಟಕದಲ್ಲಿ ಈ ವಿಷದ ಹೆಸರೇ ಇಲ್ಲ.

ನಮ್ಮ ಹವೆಗೆ ಪೂರ್ತಿ ಒಗ್ಗಿದ ಸಾಧನ ಇಲ್ಲವೇ ಇಲ್ಲ ಎಂದಲ್ಲ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಾಂಜಾ, ಮೌರ್ಯ, ರಾವ್ 1982ರಲ್ಲಿ ಒಂದು ಪುಟ್ಟ ಬಾಟಲಿಯ ಪರೀಕ್ಷೆ ಪ್ರಕಟಿಸಿದರು. ಗುರುತಿನವರೆಗೆ ನೀರು ತುಂಬಿ ಮುಚ್ಚಿಟ್ಟರೆ, ಮಲದ ಸೋಂಕಿದ್ದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅಕ್ಷರ ಬೇಡ, ವಿದ್ಯುತ್ ಬೇಡ. ಕಲಬುರಗಿಯ ಸೆಖೆಯೇ ಅದಕ್ಕೆ ಕಾವು. 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದು ಗೊತ್ತುಮಾಡಿತು. ಕೊಡ ಹೊರುವವರ ಕೈಗೇ ಪರೀಕ್ಷೆ ಕೊಟ್ಟದ್ದು ಇಡೀ ನಿಗಾ ವ್ಯವಸ್ಥೆಯಲ್ಲಿ ನಾನು ಅತ್ಯಂತ ಮೆಚ್ಚುವ ತೀರ್ಮಾನ. ಅದರ ಮಿತಿ ಎಂದರೆ ಅದು ನಲ್ಲಿಯ ಬಾಯಲ್ಲಿ ನಿಲ್ಲುತ್ತದೆ. ನಲ್ಲಿಗೆ ನೀರು ಬರುವ ಜಲಾಶಯದವರೆಗೆ ಹೋಗುವುದಿಲ್ಲ.

ಜಲಾಶಯದವರೆಗೆ ಹೋಗಲು ದೊಡ್ಡ ಖರ್ಚೂ ಇಲ್ಲ. ಇಟಲಿಯ ಸೆಕ್ಕಿ 1865ರಲ್ಲಿ ಬಳಸಿದ ತಟ್ಟೆಯ ಇಂದಿನ ರೂಪ ಸಾಕು: ಕಪ್ಪು-ಬಿಳುಪು ಬಳಿದ, ಇಪ್ಪತ್ತು ಸೆಂಟಿಮೀಟರ್ ಅಗಲದ ಬಿಲ್ಲೆಯನ್ನು ಹಗ್ಗದಲ್ಲಿ ಇಳಿಬಿಟ್ಟು, ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳುವುದು. ಮಳೆಗಾಲದಲ್ಲಿ ಎರೆಮಣ್ಣಿನ ಕೆಂಪು-ಕಪ್ಪು ರಾಡಿಯಿಂದಲೂ ತಟ್ಟೆ ಬೇಗ ಮರೆಯಾಗುತ್ತದೆ, ಅದನ್ನು ಪಾಚಿ ಎಂದು ಓದಬಾರದು. ಅದಕ್ಕೇ ದಸರಾ ಕಳೆದು ನೀರು ತಿಳಿಯಾದ ಮೇಲಿನ ಅಳತೆಗೆ ಹೆಚ್ಚು ತೂಕ ಕೊಡಬೇಕು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಕೆಲವು ದಿನಗಳಿಗೊಮ್ಮೆ ಇದೇ ನೀರಿನ ಮೇಲೆ ಹಾದು ಹಸಿರನ್ನು ಚಿತ್ರಿಸುತ್ತಿವೆ, ಆ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಹತ್ತು ಮೀಟರಿನ ತುಣುಕುಗಳಲ್ಲಿ ಬಸವಸಾಗರದಂಥ ಹರವು ಚೆನ್ನಾಗಿ ಕಾಣುತ್ತದೆ. ತಟ್ಟೆ ಇಳಿಸಿದವರ ಪುಸ್ತಕದೊಡನೆ ಅದನ್ನು ಹೊಂದಿಸಿ ನೋಡಿದರೆ ಸಾಕು.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು: ಕೊಳಚೆ ಬೀಳುವ ಹೊಳೆಗೆ ಈ ಪದ್ಧತಿ ಒಳ್ಳೆಯದು, ಮುಂದುವರಿಯಬೇಕು, ದೊಡ್ಡ ಜಲಾಶಯಕ್ಕೆ ಅದು ಸಾಲದು, ಎ, ಬಿ, ಸಿ ಎಂಬ ಅಕ್ಷರವನ್ನು ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ನಾರಾಯಣಪುರದಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮದ ಸಿಬ್ಬಂದಿ ನೀರಿನ ಮಟ್ಟವನ್ನು ದಿನವೂ ಬರೆದಿಡುತ್ತಾರೆ, ಪತ್ರಿಕೆಗಳು ಒಳಹರಿವು-ಹೊರಹರಿವಿನ ಜೊತೆ ಅದನ್ನು ಅಚ್ಚು ಹಾಕುತ್ತವೆ. ಅದೇ ಸಿಬ್ಬಂದಿ ವಾರಕ್ಕೊಮ್ಮೆ ಸೂರ್ಯ ಹುಟ್ಟುವ ಹೊತ್ತಿಗೆ ಮೇಲಿನ ಮತ್ತು ತಳದ ಆಮ್ಲಜನಕವನ್ನೂ ತಟ್ಟೆ ಮರೆಯಾಗುವ ಆಳವನ್ನೂ ಬರೆಯಲಿ. ಮಂಡಳಿ ತಿಂಗಳಿಗೊಮ್ಮೆ ರಂಜಕ ಸೇರಿಸಲಿ. ಪತ್ರಿಕೆಗಳು ಟಿಎಂಸಿಯ ಪಕ್ಕದಲ್ಲೇ ಆ ಅಂಕಿಗಳಿಗೆ ಒಂದು ಸಾಲು ಬಿಡಲಿ. ಉಜನಿಯ ಅಂಕಿಗಳನ್ನು ಮಹಾರಾಷ್ಟ್ರದಿಂದ ಕೇಳಿ ಪಡೆಯುವ ಹಕ್ಕು ಭೀಮೆಯ ಕೆಳದಂಡೆಯ ನಮಗಿದೆ. ಯಡ್ರಾಮಿ, ಜೇವರ್ಗಿ, ಅಫಜಲಪುರ, ಆಳಂದದ ಗ್ರಾಮಸಭೆಗಳು ನೀರು ಬಿಡಿ ಎಂದು ಠರಾವು ಮಾಡುವಾಗ, ಆ ನೀರು ಹೇಗಿದೆ ಎಂಬ ಪ್ರಶ್ನೆಯನ್ನೂ ಅದೇ ಠರಾವಿನಲ್ಲಿ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.