ಗೆಲುವಿನ ನಂತರದ ಪುಟಗಳು

ಟೋಲ್ಕೀನರ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಕೊನೆಯ ಸಂಪುಟ ‘ದ ರಿಟರ್ನ್ ಆಫ್ ದ ಕಿಂಗ್’ (1955) ಕುರಿತು ಓದುಗರ ಹಳೆಯ ಆಕ್ಷೇಪವೊಂದಿದೆ: ಉಂಗುರ ಬೆಂಕಿಗೆ ಬಿದ್ದ ಮೇಲೂ ಕಥೆ ಮುಗಿಯುವುದಿಲ್ಲ. ಮರಳಿ ಬಂದ ಹಾಬಿಟ್‌ಗಳು ಹಾಳಾದ ಶೈರ್ ನಾಡನ್ನು ಬಿಡಿಸಿಕೊಳ್ಳುವ ಅಧ್ಯಾಯವನ್ನು ಪೀಟರ್ ಜಾಕ್ಸನ್ 2003ರ ಚಲನಚಿತ್ರದಲ್ಲಿ ಕೈಬಿಟ್ಟರು. ಅದರಲ್ಲಿ ಯುದ್ಧಾನಂತರದ ಇಂಗ್ಲೆಂಡನ್ನು ಕಂಡವರೂ ಇದ್ದರು. ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟೋಲ್ಕೀನರು ಅದನ್ನು ಅಲ್ಲಗಳೆದರು. ಈ ಎರಡು ಬಗೆಯ ಓದಿಗೂ ಫ್ರೋಡೊ ದಕ್ಕುವುದಿಲ್ಲ. ನಾಡು ಉಳಿಯಿತು, ಉಳಿಸಿದವನಿಗೆ ಅಲ್ಲಿ ಬಾಳಲಾಗಲಿಲ್ಲ. ಗೆಲುವಿಗೆ ತೆತ್ತ ಬೆಲೆ ತಿಳಿಯುವುದು ಈ ‘ಹೆಚ್ಚುವರಿ’ ಪುಟಗಳಲ್ಲಿಯೇ.

ಅನುಬಂಧಗಳ ಪಾಡು ಇನ್ನೂ ಕಡೆ. 1968ರ ಏಕಸಂಪುಟ ಆವೃತ್ತಿಯಲ್ಲಿ ಆರಗಾರ್ನ್–ಆರ್ವೆನರ ಕಥೆಯೊಂದನ್ನುಳಿದು ಮಿಕ್ಕವು ಅಚ್ಚಾಗಲಿಲ್ಲ. ಅಷ್ಟನ್ನೇ ಓದಿದವರಿಗೆ ಕೃತಿಯ ಅತ್ಯಂತ ಧೀರ ಕಲ್ಪನೆಯೊಂದು ತಪ್ಪಿಹೋಯಿತು: ಇಡೀ ಗ್ರಂಥ ವೆಸ್ಟ್ರನ್ ಎಂಬ ನುಡಿಯಿಂದ ಮಾಡಿದ ಅನುವಾದ. ವೆಸ್ಟ್ರನ್ನಿನ ಸ್ಥಾನದಲ್ಲಿ ಇಂಗ್ಲಿಷ್ ನಿಂತರೆ, ಅದಕ್ಕೆ ಬಂಧುವಾದ, ಹಳೆಯ ಚಹರೆಯ ರೋಹನ್ ನುಡಿಯ ಸ್ಥಾನದಲ್ಲಿ ಹಳೆಯ ಇಂಗ್ಲಿಷ್. ಸ್ಯಾಮ್‌ನ ನಿಜವಾದ ಹೆಸರು ಬನಜೀರ್, ಎಂದರೆ ಅರೆಜಾಣ. ಅದೇ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ‘ಸ್ಯಾಮ್‌ವೈಸ್’ ಬಂದಿದೆ. ಹೆಸರನ್ನು ಉಳಿಸಬೇಕೆ, ಅನುವಾದಿಸಬೇಕೆ ಎಂಬ ಇಕ್ಕಟ್ಟನ್ನು ಬಲ್ಲ ದ್ವಿಭಾಷಿಕ ಓದುಗನು ಇಲ್ಲಿಗೆ ಬಂದಮೇಲೆ ಮೊದಲ ಪುಟಕ್ಕೆ ಮರಳಲೇಬೇಕಾಗುತ್ತದೆ.